ಹಳೆಯ ಐಷಾರಾಮಿ ಸೆಡಾನ್‌ಗೆ ಬದಲಿ ಟೈರು: ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು

ನಾಗಸಂದ್ರ, ಪೀಣ್ಯ, ದಾಸರಹಳ್ಳಿಗಳ ಕಾರ್ಖಾನೆ ಆವರಣಗಳಲ್ಲಿ, ತಗಡಿನ ಮಾಡಿನ ಕೆಳಗೆ, ಹೊದಿಕೆ ಹೊದ್ದು ನಿಂತಿರುವ ಹಳೆಯ ಮರ್ಸಿಡಿಸ್ ಕಾರೊಂದು ಕಣ್ಣಿಗೆ ಬೀಳುವುದು ಅಸಂಭವವೇನಲ್ಲ. ಮರ್ಸಿಡಿಸ್ ಬೆಂಜ್ ಸಂಸ್ಥೆಯು 1994ರಲ್ಲಿ ಪುಣೆಯಲ್ಲಿ ತನ್ನ ಭಾರತೀಯ ಘಟಕವನ್ನು ಸ್ಥಾಪಿಸಿ, 1995ರಲ್ಲಿ ಡಬ್ಲ್ಯೂ124 ಶ್ರೇಣಿಯ ಇ-ಕ್ಲಾಸ್ ಕಾರನ್ನು ಇಲ್ಲಿಯೇ ಜೋಡಿಸಿ ಮಾರುಕಟ್ಟೆಗೆ ತಂದಿತು. ಅನಂತರ ಡಬ್ಲ್ಯೂ210 ಶ್ರೇಣಿಯೂ ಬಂದಿತು. ಉದ್ಯಮವು ನೆಲೆಕಂಡ ಕಾಲದಲ್ಲಿ ಕೊಂಡ ಇಂತಹ ಕಾರನ್ನು ಮಾರಲು ಮಾಲೀಕರಿಗೆ ಮನಸ್ಸಿರುವುದಿಲ್ಲ. ದಿನನಿತ್ಯದ ಓಡಾಟಕ್ಕೆ ಬೇರೆ ವಾಹನವಿರುತ್ತದೆ. 2015ರ ಮೇ 1ರಂದು ನಾಗಸಂದ್ರದವರೆಗೆ ಮೆಟ್ರೋ ಬಂದ ಬಳಿಕ ನಗರದೊಳಗಿನ ಪಯಣಕ್ಕೆ ಕಾರಿನ ಅಗತ್ಯವೇ ಕೆಲವರಿಗೆ ಕಡಿಮೆಯಾಗಿದೆ. ಹೀಗಾಗಿ ಹಳೆಯ ಕಾರು ಆಯುಧಪೂಜೆಗೆ, ಮದುವೆಗೆ, ವರ್ಷಕ್ಕೆ ನಾಲ್ಕಾರು ಬಾರಿ ತುಮಕೂರು, ಶಿವಮೊಗ್ಗಗಳ ಕಡೆಗೆ ಸಂಸಾರಸಮೇತ ಹೋಗಿಬರುವುದಕ್ಕೆ ಮೀಸಲಾಗುತ್ತದೆ.

ಇಂತಹ ಕಾರಿನ ಟೈರನ್ನು ಬದಲಿಸಬೇಕೆಂದು ಮೆಕ್ಯಾನಿಕ್ ಹೇಳಿದಾಗ ಮಾಲೀಕರಿಂದ ಸಾಮಾನ್ಯವಾಗಿ ಬರುವ ಉತ್ತರವೆಂದರೆ, ‘ಟೈರು ಸವೆದೇ ಇಲ್ಲವಲ್ಲ!’ ಎಂಬುದು. ಮೇಲುನೋಟಕ್ಕೆ ಈ ಮಾತು ಸರಿಯಾಗಿಯೇ ಇದೆ. ಆದರೆ ಕಡಿಮೆ ಓಡುವ ಕಾರಿನ ಟೈರು ಸವೆತದಿಂದ ಸಾಯುವುದಿಲ್ಲ, ವಯಸ್ಸಿನಿಂದ ಸಾಯುತ್ತದೆ. ದಿನವೂ ಓಡುವ ಕಾರಿಗೆ ಟೈರು ಕೊಳ್ಳುವ ರೀತಿಗೂ ಇಂತಹ ಕಾರಿಗೆ ಕೊಳ್ಳುವ ರೀತಿಗೂ ಇರುವ ವ್ಯತ್ಯಾಸವೆಲ್ಲವೂ ಈ ಒಂದು ಸಂಗತಿಯಿಂದ ಹುಟ್ಟುತ್ತದೆ.

ನಿಂತಲ್ಲೇ ಮುಪ್ಪಾಗುವ ರಬ್ಬರು

ಗಾಳಿಯಲ್ಲಿರುವ ಆಮ್ಲಜನಕ ಮತ್ತು ಓಝೋನ್ ರಬ್ಬರಿನ ಕಣಜಾಲವನ್ನು ನಿಧಾನವಾಗಿ ಕಡಿಯುತ್ತವೆ. ಇದನ್ನು ತಡೆಯಲು ತಯಾರಕರು ರಬ್ಬರಿನಲ್ಲಿ ಮೇಣ ಮತ್ತು ಓಝೋನ್ ನಿರೋಧಕ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಟೈರು ಉರುಳಿ ಬಾಗಿ ಬಳುಕಿದಾಗ ಇವು ಒಳಗಿನಿಂದ ಮೇಲ್ಮೈಗೆ ಬಂದು ತೆಳುವಾದ ರಕ್ಷಾಪದರವನ್ನು ಕಟ್ಟುತ್ತವೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಈ ಕ್ರಿಯೆ ಕುಂಠಿತವಾಗಿ, ಟೈರಿನ ಪಾರ್ಶ್ವದಲ್ಲಿಯೂ ಟ್ರೆಡ್ಡಿನ ಕಾಲುವೆಗಳ ತಳದಲ್ಲಿಯೂ ಕೂದಲೆಳೆಯಂತಹ ಬಿರುಕುಗಳು ಕಾಣಿಸಿಕೊಳ್ಳುತ್ತವೆ. ಕೈಗಾರಿಕಾ ಪ್ರದೇಶದ ಮಾಲೀಕರು ವಿಶೇಷವಾಗಿ ಅರಿಯಬೇಕಾದ ಇನ್ನೊಂದು ಅಂಶವಿದೆ. ವಿದ್ಯುತ್ ಮೋಟಾರುಗಳ ಕಿಡಿಯಿಂದಲೂ ಆರ್ಕ್ ವೆಲ್ಡಿಂಗ್‌ನಿಂದಲೂ ಓಝೋನ್ ಉತ್ಪತ್ತಿಯಾಗುತ್ತದೆ. ಟೈರುಗಳನ್ನು ಇಂತಹ ಯಂತ್ರಗಳ ಸಮೀಪ ದಾಸ್ತಾನಿಡಬಾರದೆಂದು ತಯಾರಕರೇ ಎಚ್ಚರಿಸುತ್ತಾರೆ. ವೆಲ್ಡಿಂಗ್ ಶೆಡ್ಡಿನ ಮೂಲೆಯಲ್ಲಿ ಕಾರು ನಿಲ್ಲಿಸುವವರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಬಿಸಿಲು ಮಳೆ ತಾಗದೆಂದು ಆರಿಸಿದ ಜಾಗವೇ ಟೈರಿಗೆ ಶತ್ರುವಾಗಬಹುದು.

ಹೀಗೆ ಗಡುಸಾದ ಟೈರು ಒಣ ರಸ್ತೆಯಲ್ಲಿ, ನಗರದ ನಿಧಾನಗತಿಯಲ್ಲಿ ತನ್ನ ದೋಷವನ್ನು ತೋರಿಸುವುದಿಲ್ಲ. ಅದು ಬಯಲಾಗುವುದು ಮಳೆಯಲ್ಲಿ ಗಟ್ಟಿಯಾಗಿ ಬ್ರೇಕು ಒತ್ತಿದಾಗ, ಇಲ್ಲವೇ ಹೆದ್ದಾರಿಯಲ್ಲಿ ತುಂಬಿದ ಕಾರು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಅರ್ಧ ಗಂಟೆ ಓಡಿ ಟೈರು ಕಾದಾಗ. ಒಳಗಿನ ಉಕ್ಕಿನ ತಂತಿಗಳ ಪಟ್ಟಿಯಿಂದ ಟ್ರೆಡ್ ಕಿತ್ತುಬರುವುದು ಇಂತಹ ಸಮಯದಲ್ಲಿಯೇ. ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯ ಮೇಲೆ ಟೈರು ಸಿಡಿದರೆ ಕಾರನ್ನು ಸರಿಸಿ ನಿಲ್ಲಿಸಲು ಅಂಚಿನಲ್ಲಿ ಜಾಗವೂ ಇಲ್ಲ, ಹಿಂದೆ ಬರುವ ಲಾರಿಗೆ ನಿಧಾನಿಸಲು ಅವಕಾಶವೂ ಕಡಿಮೆ.

ಟೈರಿನ ಜನ್ಮದಿನಾಂಕವನ್ನು ಅದರ ಮೈಮೇಲೆಯೇ ಓದಬಹುದು. ಪಾರ್ಶ್ವದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರ. ಮೂರೇ ಅಂಕಿಗಳಿದ್ದರೆ ಆ ಟೈರು 2000ಕ್ಕೂ ಹಿಂದಿನದು. ಹಳೆಯ ಕಾರುಗಳ ಡಿಕ್ಕಿಯಲ್ಲಿ ಎಂದೂ ನೆಲ ಮುಟ್ಟದ ಸ್ಟೆಪ್ನಿಯ ರೂಪದಲ್ಲಿ ಇಂತಹವು ಇನ್ನೂ ಉಳಿದಿರಬಹುದು. ಆರು ವರ್ಷ ಕಳೆದ ಟೈರನ್ನು ಸವೆತ ಎಷ್ಟೇ ಕಡಿಮೆಯಿರಲಿ ಬದಲಿಸಬೇಕೆಂಬುದು ಮರ್ಸಿಡಿಸ್ ಸಂಸ್ಥೆಯ ಸಲಹೆ. ಟ್ರೆಡ್ಡಿನ ಆಳ 1.6 ಮಿಲಿಮೀಟರಿಗೆ ಇಳಿಯಬಾರದೆಂಬ ನಿಯಮವನ್ನು ಮಾತ್ರ ನೆಚ್ಚಿಕೊಂಡರೆ ಈ ಸಂಗತಿ ಕಣ್ತಪ್ಪುತ್ತದೆ.

ಅಳತೆ ಒಂದೇ, ದರ್ಜೆ ಬೇರೆ

ಡಬ್ಲ್ಯೂ124 ಇ-ಕ್ಲಾಸ್‌ನ ಸಾಮಾನ್ಯ ಅಳತೆ 195/65 ಆರ್ 15. ಅಂದರೆ ಅಗಲ 195 ಮಿಲಿಮೀಟರ್, ಪಾರ್ಶ್ವದ ಎತ್ತರ ಆ ಅಗಲದ ಶೇಕಡಾ 65, ರಚನೆ ರೇಡಿಯಲ್, ರಿಮ್ಮಿನ ವ್ಯಾಸ 15 ಅಂಗುಲ. ಅದೃಷ್ಟವಶಾತ್ ಇದು ಭಾರತದಲ್ಲಿ ಸುಲಭವಾಗಿ ದೊರೆಯುವ ಅಳತೆ. ದೇಶದೊಳಗಿನ ದೊಡ್ಡ ತಯಾರಕರು ಇದನ್ನು ತಯಾರಿಸುತ್ತಾರೆ. ಅಳತೆಯ ನಂತರ ಬರುವ ಸಂಖ್ಯೆ ಮತ್ತು ಅಕ್ಷರಗಳತ್ತ ಮಾತ್ರ ಹೆಚ್ಚಿನವರು ಗಮನ ಕೊಡುವುದಿಲ್ಲ. 91 ಎಂಬುದು ಪ್ರತಿ ಟೈರು 615 ಕಿಲೋಗ್ರಾಂ ಭಾರ ಹೊರಬಲ್ಲದೆಂಬುದರ ಸೂಚ್ಯಂಕ. ಟಿ ಅಕ್ಷರ ಗಂಟೆಗೆ 190, ಎಚ್ 210, ವಿ 240 ಕಿಲೋಮೀಟರ್ ವೇಗದ ಮಿತಿಯನ್ನು ಸೂಚಿಸುತ್ತದೆ.

‘ನಮ್ಮ ರಸ್ತೆಯಲ್ಲಿ ಆ ವೇಗ ಯಾರಿಗೆ ಬೇಕು?’ ಎಂಬ ಪ್ರಶ್ನೆ ಸಹಜ. ಆದರೆ ವೇಗದ ದರ್ಜೆಯು ಟೈರಿನ ಶಾಖ ತಡೆಯುವ ಶಕ್ತಿಯ ಅಳತೆಯೂ ಹೌದು. ಡಬ್ಲ್ಯೂ210 ಶ್ರೇಣಿಯ ಅನೇಕ ಕಾರುಗಳ ಅಳತೆ 205/65 ಆರ್ 15. ಹಳೆಯ ಟೊಯೋಟಾ ಇನ್ನೋವಾದ ಅಳತೆಯೂ ಇದೇ ಆದ್ದರಿಂದ ಬೆಂಗಳೂರಿನ ಟ್ಯಾಕ್ಸಿಗಳ ಬೇಡಿಕೆಯಿಂದಾಗಿ ಅದು ಎಲ್ಲೆಡೆ ಸಿಗುತ್ತದೆ, ಬೆಲೆಯೂ ಹಗುರ. ಹಾಗೆ ಮಾರಾಟವಾಗುವವುಗಳಲ್ಲಿ ಎಸ್ ಅಥವಾ ಟಿ ದರ್ಜೆಯವೂ ಇರುತ್ತವೆ. ದೀರ್ಘ ಬಾಳಿಕೆಯನ್ನೇ ಮುಖ್ಯವಾಗಿಟ್ಟು ರೂಪಿಸಿದ ಗಡುಸು ರಬ್ಬರಿನವೂ ಇರುತ್ತವೆ. ಅಳತೆ ಹೊಂದಿತೆಂಬ ಮಾತ್ರಕ್ಕೆ ಅವು ಮರ್ಸಿಡಿಸ್‌ಗೆ ಹೊಂದಿದಂತಾಗಲಿಲ್ಲ. ಮಾಲೀಕರ ಕೈಪಿಡಿಯಲ್ಲಿ ಸೂಚಿಸಿದ ಭಾರ ಮತ್ತು ವೇಗದ ದರ್ಜೆಗಿಂತ ಕೆಳಗಿಳಿಯದಿರುವುದೇ ಕ್ರಮ. ಗಾಳಿಯ ಒತ್ತಡದ ಕೋಷ್ಟಕವು ಇಂಧನ ಮುಚ್ಚಳದ ಒಳಬದಿಯಲ್ಲಿ ಅಂಟಿಸಿರುತ್ತದೆ; ಪಂಕ್ಚರ್ ಅಂಗಡಿಯವರ ಅಂದಾಜಿಗಿಂತ ಅದನ್ನು ನಂಬಬೇಕು.

ಇನ್ನು ದೊಡ್ಡ ರಿಮ್ಮಿನ ಆಕರ್ಷಣೆ. 195/65 ಆರ್ 15 ಟೈರಿನ ಒಟ್ಟು ವ್ಯಾಸ ಸುಮಾರು 634 ಮಿಲಿಮೀಟರ್, ಪಾರ್ಶ್ವದ ಎತ್ತರ ಸುಮಾರು 127 ಮಿಲಿಮೀಟರ್. ಇದಕ್ಕೆ ಬದಲಾಗಿ 17 ಅಂಗುಲದ ಅಲಾಯ್ ರಿಮ್ಮಿಗೆ 205/45 ಟೈರು ಹಾಕಿದರೆ ಪಾರ್ಶ್ವದ ಎತ್ತರ 92 ಮಿಲಿಮೀಟರಿಗೆ ಇಳಿಯುತ್ತದೆ. ಬೆಂಗಳೂರಿನ ರಸ್ತೆಗುಂಡಿಗಳ ಹೊಡೆತವನ್ನು ನುಂಗಬೇಕಾದ ರಬ್ಬರಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಕೈಬಿಟ್ಟಂತಾಗುತ್ತದೆ. ಉಳಿದ ಹೊಡೆತ ರಿಮ್ಮಿಗೂ ಮೂವತ್ತು ವರ್ಷದ ಬುಷ್ಷುಗಳಿಗೂ ಬೀಳುತ್ತದೆ. ಈ ಕಾರಿನ ಸುಖವಿರುವುದೇ ಅದರ ಎತ್ತರದ ಟೈರಿನಲ್ಲಿ. ಮೂಲ ಅಳತೆಯನ್ನು ಬಿಡದಿರುವುದು ಅಗ್ಗವೂ ಹೌದು, ಜಾಣತನವೂ ಹೌದು.

ಬಾಳಿಕೆಗೆ ಕೊಡುವ ಹೆಚ್ಚಿನ ಬೆಲೆ

ಕಾರೊಂದು ವರ್ಷಕ್ಕೆ 4,000 ಕಿಲೋಮೀಟರ್ ಓಡುತ್ತದೆಂದು ಭಾವಿಸೋಣ. ಆರು ವರ್ಷಕ್ಕೆ 24,000 ಕಿಲೋಮೀಟರ್. 50,000 ಕಿಲೋಮೀಟರ್ ಬಾಳುವ ಟೈರು ಕೊಂಡ ಮಾಲೀಕರು ಅದರ ಅರ್ಧ ಬಾಳಿಕೆಯನ್ನೂ ಬಳಸದೆ ಎಸೆಯಬೇಕಾಗುತ್ತದೆ. ಅನೇಕ ಟೈರುಗಳ ಪಾರ್ಶ್ವದಲ್ಲಿ ‘ಟ್ರೆಡ್‌ವೇರ್’ ಎಂಬ ಸಂಖ್ಯೆಯಿರುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಸವೆತ ನಿಧಾನ. ಟ್ಯಾಕ್ಸಿ ಮಾಲೀಕರಿಗೆ ಇದೇ ಮುಖ್ಯ. ಅಪರೂಪಕ್ಕೆ ಓಡುವ ಕಾರಿಗೆ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತದೆ: ಬಾಳಿಕೆಯನ್ನು ಸ್ವಲ್ಪ ಬಿಟ್ಟುಕೊಟ್ಟು, ಒದ್ದೆ ರಸ್ತೆಯ ಹಿಡಿತ ಹೆಚ್ಚಿರುವ, ಸದ್ದು ಕಡಿಮೆಯಿರುವ ಮೃದು ಟೈರನ್ನು ನಿಶ್ಚಿಂತೆಯಿಂದ ಆರಿಸಬಹುದು. ಉರುಳು ಪ್ರತಿರೋಧ, ಒದ್ದೆ ಹಿಡಿತ ಮತ್ತು ಸದ್ದು ಇವುಗಳ ಕುರಿತ ಎಐಎಸ್-142 ಮಾನದಂಡವು ಭಾರತದಲ್ಲಿ ಹೊಸ ವಿನ್ಯಾಸದ ಟೈರುಗಳಿಗೆ 2022ರ ಅಕ್ಟೋಬರ್‌ನಿಂದಲೂ ಹಳೆಯ ವಿನ್ಯಾಸಗಳಿಗೆ 2023ರ ಏಪ್ರಿಲ್‌ನಿಂದಲೂ ಅನ್ವಯವಾಗುವಂತೆ ಸರ್ಕಾರ ಅಧಿಸೂಚನೆ ಹೊರಡಿಸಿತು. ಹಳೆಯ ದಾಸ್ತಾನನ್ನು ದೂರವಿಡಲು ಇದು ಇನ್ನೊಂದು ಕಾರಣ.

ನೋಂದಣಿಯ ಲೆಕ್ಕವೂ ಇಲ್ಲಿ ಸೇರುತ್ತದೆ. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ತಪಾಸಣೆಯ ನಂತರ ಐದೈದು ವರ್ಷಕ್ಕೆ ನವೀಕರಿಸಲಾಗುತ್ತದೆ. ಟೈರಿನ ಆಯುಸ್ಸೂ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ, ನವೀಕರಣದ ತಪಾಸಣೆಗೆ ಮುನ್ನವೇ ಟೈರು ಬದಲಿಸುವ ಪದ್ಧತಿ ಇಟ್ಟುಕೊಂಡರೆ ಎರಡೂ ದಿನಾಂಕಗಳು ಒಟ್ಟಿಗೆ ನೆನಪಿನಲ್ಲಿರುತ್ತವೆ.

ಮಾರುಕಟ್ಟೆ ಮತ್ತು ತೆರಿಗೆ

2020ರ ಜೂನ್ 12ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಟೈರುಗಳ ಆಮದನ್ನು ನಿರ್ಬಂಧಿತ ವರ್ಗಕ್ಕೆ ಸೇರಿಸಿತು. ದೇಶದಲ್ಲಿಯೇ ತಯಾರಾಗುವ 15 ಅಂಗುಲದ ಅಳತೆಗಳಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ಬೇಡಿಕೆ ಕಡಿಮೆಯಿರುವ ಅಳತೆಗಳ ಸ್ಥಿತಿ ಬೇರೆ. ತೊಂಬತ್ತರ ದಶಕದ ಎಸ್-ಕ್ಲಾಸ್‌ಗೆ ಬೇಕಾಗುವ 225/60 ಆರ್ 16 ಅದಕ್ಕೊಂದು ನಿದರ್ಶನ. ಇಂತಹ ಅಳತೆ ಹುಡುಕುವವರು ‘ಒಂದೇ ಜೊತೆ ಉಳಿದಿದೆ’ ಎಂಬ ವರ್ತಕರ ಮಾತಿಗೆ ಸಂತೋಷಪಡುವ ಮುನ್ನ ದಿನಾಂಕ ನೋಡಬೇಕು. ಉಳಿದಿರುವುದಕ್ಕೆ ಕಾರಣ ಅದರಲ್ಲಿಯೇ ಇರಬಹುದು. ಭಾರತೀಯ ಮಾನಕ ಬ್ಯೂರೋದ ಐಎಸ್‌ಐ ಗುರುತನ್ನು 2009ರ ಗುಣಮಟ್ಟ ನಿಯಂತ್ರಣ ಆದೇಶವು ಕಡ್ಡಾಯಗೊಳಿಸಿದೆ. ಆ ಗುರುತಿಲ್ಲದ ಟೈರನ್ನು ವಿದೇಶಿ ಸರಕೆಂಬ ಹೆಸರಿನಲ್ಲಿ ಕೊಳ್ಳುವುದು ಸಲ್ಲದು.

2025ರ ಸೆಪ್ಟೆಂಬರ್ 22ರಿಂದ ಹೊಸ ಟೈರುಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ತೆರಿಗೆಪೂರ್ವ ಬೆಲೆ 8,000 ರೂಪಾಯಿ ಎಂದಾದರೆ ಟೈರೊಂದಕ್ಕೆ 800 ರೂಪಾಯಿ, ಸ್ಟೆಪ್ನಿ ಸೇರಿ ಐದಕ್ಕೆ 4,000 ರೂಪಾಯಿ ಉಳಿತಾಯ. ಕಾರು ಸಂಸ್ಥೆಯ ಹೆಸರಿನಲ್ಲಿದ್ದರೂ ಹೂಡುವಳಿ ತೆರಿಗೆ ಜಮೆಯನ್ನು ತಾನಾಗಿಯೇ ದೊರೆಯುವುದೆಂದು ಭಾವಿಸಬಾರದು. ಪ್ರಯಾಣಿಕ ಕಾರು ಮತ್ತು ಅದರ ದುರಸ್ತಿ ಸೇವೆಗಳ ಜಮೆಗೆ ಜಿಎಸ್‌ಟಿ ಕಾಯಿದೆಯ 17(5)ನೆಯ ಕಲಮು ಸಾಮಾನ್ಯವಾಗಿ ತಡೆಯೊಡ್ಡುತ್ತದೆ. ಬಿಲ್ಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮುನ್ನ ಲೆಕ್ಕಪರಿಶೋಧಕರನ್ನು ವಿಚಾರಿಸುವುದು ಕ್ಷೇಮ.

ಅಳವಡಿಕೆಯ ದಿನ

ಟೈರು ಕೊಳ್ಳುವ ಮೊದಲು ಕಾರಿನ ಕೆಳಭಾಗವನ್ನು ಪರೀಕ್ಷಿಸಬೇಕು. ಈ ಶ್ರೇಣಿಯ ಹಿಂಬದಿಯಲ್ಲಿ ಪ್ರತಿ ಚಕ್ರವನ್ನು ಐದು ಕೊಂಡಿಗಳು ಹಿಡಿದಿರುತ್ತವೆ. ಅವುಗಳ ಬುಷ್ ಸವೆದಿದ್ದರೆ ಹೊಸ ಟೈರಿನ ಒಳಅಂಚು ಕೆಲವೇ ಸಾವಿರ ಕಿಲೋಮೀಟರಿನಲ್ಲಿ ತಿಂದುಹೋಗುತ್ತದೆ. ಹಳೆಯ ಟೈರಿನ ಒಳಅಂಚನ್ನು ಬೆರಳಿನಿಂದ ಸವರಿದರೆ ಇದು ತಿಳಿಯುತ್ತದೆ. ಬುಷ್ ಸರಿಪಡಿಸದೆ ವೀಲ್ ಅಲೈನ್‌ಮೆಂಟ್ ಮಾಡಿಸುವುದು ಹಣದ ಅಪವ್ಯಯ.

ದಿನಾಂಕದ ಸಂಖ್ಯೆ ಅನೇಕ ಟೈರುಗಳಲ್ಲಿ ಒಂದೇ ಬದಿಗಿರುತ್ತದೆ. ಆ ಬದಿ ಒಳಮುಖವಾಗಿ ಕೂತರೆ ಮುಂದೆ ಓದಲು ಕಾರನ್ನು ಎತ್ತಬೇಕಾಗುತ್ತದೆ. ಆದ್ದರಿಂದ ರಿಮ್ಮಿಗೆ ಏರಿಸುವ ಮೊದಲೇ ಐದೂ ಟೈರುಗಳನ್ನು ಓದಿ, ಸಂಖ್ಯೆಗಳನ್ನು ಬಿಲ್ಲಿನಲ್ಲಿ ಬರೆಯಿಸಿಕೊಳ್ಳಬೇಕು. ರಬ್ಬರಿನ ವಾಲ್ವ್‌ಗಳನ್ನೂ ಆಗಲೇ ಬದಲಿಸಬೇಕು. ಟ್ಯೂಬ್‌ಲೆಸ್ ಟೈರಿನೊಳಗೆ ಟ್ಯೂಬು ತೂರಿಸುವ ಸಲಹೆಯನ್ನು ಒಪ್ಪಬಾರದು. ಎರಡೇ ಟೈರು ಕೊಳ್ಳುವುದಾದರೆ ಹೊಸವು ಹಿಂದಿನ ಚಕ್ರಗಳಿಗೆ ಹೋಗಬೇಕು. ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಿದರೆ ಸಾಮಾನ್ಯ ಚಾಲಕರಿಗೆ ಕಾರನ್ನು ಹಿಡಿತಕ್ಕೆ ತರುವುದು ಕಷ್ಟ.

ಮರ್ಸಿಡಿಸ್‌ನಲ್ಲಿ ಚಕ್ರವನ್ನು ನಟ್ಟಿನಿಂದಲ್ಲ, ಬೋಲ್ಟಿನಿಂದ ಬಿಗಿಯುತ್ತಾರೆ. ಅಲಾಯ್ ರಿಮ್ಮಿನ ಬೋಲ್ಟು ಉದ್ದ, ಉಕ್ಕಿನ ರಿಮ್ಮಿನದು ಗಿಡ್ಡ. ನಾಲ್ಕು ಚಕ್ರ ಅಲಾಯ್ ಆಗಿದ್ದು ಸ್ಟೆಪ್ನಿ ಉಕ್ಕಿನದಾಗಿದ್ದರೆ, ಅದಕ್ಕೆ ತಕ್ಕ ಗಿಡ್ಡ ಬೋಲ್ಟುಗಳು ಕಾರಿನ ಉಪಕರಣಗಳ ಚೀಲದಲ್ಲಿ ಇವೆಯೇ ಎಂಬುದನ್ನು ಟೈರಂಗಡಿಯಲ್ಲಿಯೇ ನೋಡಿಕೊಳ್ಳಬೇಕು. ಕಳಚಿದ ನಾಲ್ಕರಲ್ಲಿ ಚೆನ್ನಾಗಿ ಕಾಣುವ ಒಂದನ್ನು ಸ್ಟೆಪ್ನಿಗೆಂದು ಡಿಕ್ಕಿಗೆ ಹಾಕಿಸಿಕೊಳ್ಳುವ ರೂಢಿ ವ್ಯಾಪಕವಾಗಿದೆ. ಯಾವ ಟೈರನ್ನು ಅಪಾಯಕಾರಿಯೆಂದು ತೆಗೆಸಲಾಯಿತೋ ಅದೇ ಟೈರು ನೆಲಮಂಗಲದಾಚೆ, ರಾತ್ರಿಯ ಹೊತ್ತು, ಸಂಸಾರವನ್ನು ಮನೆಗೆ ತಲುಪಿಸುವ ಹೊಣೆ ಹೊರಬೇಕಾಗುತ್ತದೆ. ಕೊಳ್ಳಬೇಕಾದದ್ದು ನಾಲ್ಕಲ್ಲ, ಐದು ಟೈರು.