ಕವಿಯ ಶೋಕವೂ ಕಾವ್ಯದ ಕರುಣವೂ

ಪೂರ್ವಕವಿಗಳ ಗೃಹಜೀವನವನ್ನು ವಸ್ತುವನ್ನಾಗಿ ಮಾಡಿಕೊಂಡು ಕಾದಂಬರಿಗಳನ್ನು ರಚಿಸುವ ಪದ್ಧತಿಯು ಈಗ ಅನೇಕ ಭಾಷೆಗಳಲ್ಲಿ ಕಂಡುಬರುತ್ತಿದೆ. ಇಂತಹ ಗ್ರಂಥಗಳನ್ನು ಓದುವ ಜಿಜ್ಞಾಸುಗಳ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುವುದು ಸಹಜ. ದಾಖಲೆಯು ಮೌನವಾಗಿರುವೆಡೆ ಕಲ್ಪನೆಗೆ ಅಧಿಕಾರವುಂಟೆ? ಕವಿಯ ಮನೆಯ ದುಃಖವನ್ನು ಅರಿತ ಮಾತ್ರಕ್ಕೆ ಕಾವ್ಯದ ಮರ್ಮವನ್ನು ಅರಿತಂತಾಗುವುದೆ? ಒಂದು ನಿದರ್ಶನವನ್ನು ಮುಂದಿಟ್ಟುಕೊಂಡು ಇವೆರಡನ್ನೂ ವಿಚಾರಿಸೋಣ.

ಉತ್ತರ ಐರ್ಲೆಂಡಿನಲ್ಲಿ ಜನಿಸಿದ ಮ್ಯಾಗಿ ಓಫ್ಯಾರೆಲ್ ಎಂಬ ಲೇಖಕಿಯು ಇಂಗ್ಲಿಷಿನಲ್ಲಿ ಬರೆದ ‘ಹ್ಯಾಮ್ನೆಟ್’ ಎಂಬ ಕಾದಂಬರಿಯು 2020ರಲ್ಲಿ ಪ್ರಕಟವಾಯಿತು. ಅದರ ವಸ್ತು ಷೇಕ್ಸ್‌ಪಿಯರ್ ಮಹಾಕವಿಯ ಸಂಸಾರ. ಈ ಕವಿಯ ‘ಹ್ಯಾಮ್ಲೆಟ್’ ನಾಟಕವನ್ನೇ ಕುವೆಂಪು ಅವರು ಬಿದನೂರಿನ ಇತಿಹಾಸದಲ್ಲಿ ನೆಲೆಗೊಳಿಸಿ ‘ರಕ್ತಾಕ್ಷಿ’ಯನ್ನು ರಚಿಸಿದರೆಂಬುದು ಕನ್ನಡ ವಾಚಕರಿಗೆ ವಿದಿತವೇ ಆಗಿದೆ.

ದಾಖಲೆ ಹೇಳುವುದೇನು?

ಕವಿಯ ವಿವಾಹವು 1582ರ ನವೆಂಬರಿನಲ್ಲಿ ನಡೆಯಿತು. ಆಗ ಅವನಿಗೆ 18 ವರ್ಷ, ಪತ್ನಿ ಆನ್ ಹ್ಯಾಥವೇಗೆ ಸುಮಾರು 26. ಆರು ತಿಂಗಳಲ್ಲಿ ಹಿರಿಯ ಮಗಳ ನಾಮಕರಣವಾಯಿತು. 1585ರ ಫೆಬ್ರವರಿ 2ರಂದು ಹ್ಯಾಮ್ನೆಟ್, ಜೂಡಿತ್ ಎಂಬ ಅವಳಿ ಮಕ್ಕಳಿಗೆ ನಾಮಕರಣವಾಯಿತು. 1596ರ ಆಗಸ್ಟ್ 11ರಂದು ಆ ಬಾಲಕನನ್ನು ಸ್ಟ್ರಾಟ್‌ಫರ್ಡ್ ಊರಿನಲ್ಲಿ ಸಮಾಧಿ ಮಾಡಿದರು. ಅವನಿಗೆ ಆಗ ಹನ್ನೊಂದೇ ವರ್ಷ. ಸಾವಿಗೆ ಕಾರಣವನ್ನು ಯಾರೂ ಬರೆದಿಟ್ಟಿಲ್ಲ. ತಂದೆ ಅತ್ತನೆಂದಾಗಲಿ, ತಾಯಿ ಮೂರ್ಛೆ ಹೋದಳೆಂದಾಗಲಿ ಒಂದು ಅಕ್ಷರವೂ ಇಲ್ಲ. ಇಪ್ಪತ್ತು ವರ್ಷಗಳ ತರುವಾಯ, 1616ರಲ್ಲಿ, ಕವಿಯು ತನ್ನ ಮರಣಶಾಸನದಲ್ಲಿ ಪತ್ನಿಗೆ ಎರಡನೆಯ ದರ್ಜೆಯ ಮಂಚವೊಂದನ್ನು ಬರೆದಿಟ್ಟನು. ಇಷ್ಟನ್ನೇ ಆಧಾರ ಮಾಡಿಕೊಂಡು, ಆಕೆ ಕವಿಗೆ ಬೇಡವಾದ ಹೆಂಡತಿಯೆಂದು ಅನೇಕ ಚರಿತ್ರಕಾರರು ತೀರ್ಪಿತ್ತರು. ಉತ್ತಮ ಮಂಚವನ್ನು ಅತಿಥಿಗಳಿಗೆ ಮೀಸಲಿಡುವ ರೂಢಿಯಿದ್ದುದರಿಂದ, ಎರಡನೆಯದೇ ದಂಪತಿಗಳ ಶಯ್ಯೆಯಾಗಿರಬಹುದೆಂದು ಬೇರೆ ವಿದ್ವಾಂಸರ ಅಭಿಪ್ರಾಯ.

ಕಾದಂಬರಿ ಕಲ್ಪಿಸಿದುದೇನು?

ಧನಂಜಯನ ‘ದಶರೂಪಕ’ವು ವಸ್ತುವನ್ನು ಪ್ರಖ್ಯಾತ, ಉತ್ಪಾದ್ಯ, ಮಿಶ್ರ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ಈ ಕಾದಂಬರಿಯದು ಮಿಶ್ರವಸ್ತು. ಆಕೆಯ ತಂದೆ ತನ್ನ ಮರಣಶಾಸನದಲ್ಲಿ ಮಗಳನ್ನು ಆಗ್ನೆಸ್ ಎಂದು ಕರೆದಿದ್ದಾನೆ. ಲೇಖಕಿಯೂ ಆ ಹೆಸರನ್ನೇ ಇಟ್ಟಿದ್ದಾರೆ. ಇದು ದಾಖಲೆಯಿಂದ ಬಂದದ್ದು. ಆಕೆ ಗಿಡಮೂಲಿಕೆಗಳನ್ನು ಬಲ್ಲವಳು, ಗಿಡುಗವನ್ನು ಸಾಕಿದವಳು, ಮಗನು ಪ್ಲೇಗಿನಿಂದ ಸತ್ತನು, ತಂಗಿಯ ಮೃತ್ಯುವನ್ನು ತಾನು ಹೊತ್ತುಕೊಂಡನು ಎಂಬಿವೆಲ್ಲ ಕಲ್ಪಿತ. ಗ್ರಂಥದಲ್ಲಿ ಕವಿಯ ಹೆಸರು ಒಂದು ಕಡೆಯೂ ಬರುವುದಿಲ್ಲ. ಅವನು ಅಲ್ಲಿ ಮಗ, ಗಂಡ, ತಂದೆ, ಅಷ್ಟೆ. ಕೀರ್ತಿಯ ಪ್ರಭೆಯನ್ನು ಮರೆಮಾಡಿದುದರಿಂದ, ನಾಲ್ಕು ಶತಮಾನ ಕತ್ತಲೆಯಲ್ಲಿದ್ದ ಆ ತಾಯಿಯ ಮುಖವು ನಮಗೆ ಕಾಣುತ್ತದೆ.

ಪೂರ್ವಪಕ್ಷ

ಆ ಊರಿನಲ್ಲಿ ಹ್ಯಾಮ್ನೆಟ್, ಹ್ಯಾಮ್ಲೆಟ್ ಎಂಬೆರಡೂ ಒಂದೇ ಹೆಸರಿನ ರೂಪಗಳು. ಮಗನು ಸತ್ತು ಸುಮಾರು ನಾಲ್ಕು ವರ್ಷಗಳಾದ ಮೇಲೆ ಕವಿಯು ಆ ನಾಟಕವನ್ನು ಬರೆದನು. ಆದುದರಿಂದ ಪುತ್ರಶೋಕವೇ ನಾಟಕವಾಯಿತೆಂದು ಹೇಳಬಹುದಲ್ಲವೆ?

ಸಮಾಧಾನ

ಹಾಗೆ ನಿರ್ಧರಿಸಲಾಗದು. ಆ ಕಥೆಯು ಡೆನ್ಮಾರ್ಕಿನ ಸ್ಯಾಕ್ಸೋ ಎಂಬ ಪಂಡಿತನ ಲ್ಯಾಟಿನ್ ಗ್ರಂಥದಲ್ಲಿ, ಕವಿಗಿಂತ ಸುಮಾರು ನಾನೂರು ವರ್ಷ ಮೊದಲೇ ಇದೆ. ಹ್ಯಾಮ್ಲೆಟ್ ನಾಟಕದ ಪ್ರಸ್ತಾಪವು ಲಂಡನ್ನಿನಲ್ಲಿ 1589ರಲ್ಲಿಯೇ ಬಂದಿದೆ. ಆಗ ಬಾಲಕ ಹ್ಯಾಮ್ನೆಟ್‌ಗೆ ನಾಲ್ಕು ವರ್ಷ, ಬದುಕಿದ್ದನು. ಮೇಲಾಗಿ ನಾಟಕದಲ್ಲಿ ಅಳುವವನು ತಂದೆಯನ್ನು ಕಳೆದುಕೊಂಡ ಮಗ; ಕವಿಯಾದರೋ ಮಗನನ್ನು ಕಳೆದುಕೊಂಡ ತಂದೆ.

ಇಲ್ಲಿ ನಮ್ಮ ಆಲಂಕಾರಿಕರ ವಿಚಾರವು ಉಪಕಾರಿಯಾಗುತ್ತದೆ. ಕ್ರೌಂಚಪಕ್ಷಿಯ ವಧೆಯನ್ನು ಕಂಡ ವಾಲ್ಮೀಕಿಯ ಶೋಕವು ಶ್ಲೋಕವಾದ ಪ್ರಸಂಗವನ್ನು ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಎತ್ತಿಕೊಳ್ಳುತ್ತಾನೆ. ಅದಕ್ಕೆ ‘ಲೋಚನ’ವನ್ನು ಬರೆದ ಅಭಿನವಗುಪ್ತನು, ಅದನ್ನು ಮುನಿಯ ಸ್ವಂತ ದುಃಖವೆಂದು ತಿಳಿಯಬಾರದೆಂದು ಎಚ್ಚರಿಸುತ್ತಾನೆ. ದುಃಖದಲ್ಲಿ ಬೇಯುತ್ತಿರುವವನ ಸ್ಥಿತಿ ಅದಲ್ಲ. ‘ನನ್ನದು’ ಎಂಬ ಅಂಟು ಬಿಟ್ಟು, ಎಲ್ಲರ ಹೃದಯದಲ್ಲಿಯೂ ಆಸ್ವಾದ್ಯವಾದಾಗಲೇ ಶೋಕವು ಕರುಣರಸವಾಗುವುದು. ಮಗನನ್ನು ಕಳೆದುಕೊಂಡ ತಂದೆಯರು ಲೋಕದಲ್ಲಿ ಅಸಂಖ್ಯಾತರು. ಹ್ಯಾಮ್ಲೆಟ್ ಬರೆದವನು ಒಬ್ಬನೇ. ಆದುದರಿಂದ ದುಃಖವೊಂದೇ ಕಾವ್ಯಕ್ಕೆ ಕಾರಣವಾಗಲಾರದು.

ಹಾಗಾದರೆ ಕಾದಂಬರಿಯು ವ್ಯರ್ಥವೆ? ಅಲ್ಲ. ಅದನ್ನು ನಾಟಕದ ವ್ಯಾಖ್ಯಾನವೆಂದು ಓದಿದರೆ ಮೋಸಹೋಗುವೆವು. ಸ್ವತಂತ್ರ ಕಾವ್ಯವೆಂದು ಓದಿದರೆ ಧನ್ಯರಾಗುವೆವು. ಕೊನೆಯಲ್ಲಿ ಆಗ್ನೆಸ್ ಕೋಪದಿಂದ ಲಂಡನ್ನಿಗೆ ಹೋಗಿ ನಾಟಕವನ್ನು ನೋಡುತ್ತಾಳೆ. ಅಲ್ಲಿ ಪತಿಯು ಪ್ರೇತದ ಪಾತ್ರದಲ್ಲಿ ನಿಂತಿದ್ದಾನೆ. ಮಗನಿಗೆ ಬಂದ ಮರಣವನ್ನು ತಾನು ವಹಿಸಿಕೊಂಡು, ಮಗನನ್ನು ರಂಗದ ಮೇಲೆ ಬದುಕಿಸಿದ್ದಾನೆಂದು ಆಕೆಗೆ ಹೊಳೆಯುತ್ತದೆ. ಕವಿಯು ಆ ಪಾತ್ರವನ್ನು ಆಡುತ್ತಿದ್ದನೆಂಬುದು 1709ರಲ್ಲಿ ಅಚ್ಚಾದ ಐತಿಹ್ಯ. ಆಕೆ ನೋಡಿದಳೆಂಬುದು ಕಲ್ಪನೆ. ಆದರೆ ಓದುವವರ ಕಣ್ಣಿನ ನೀರು ಕಲ್ಪಿತವಲ್ಲ.

ಅಲ್ಪ ಆಧಾರದಿಂದ ಒಬ್ಬ ಸ್ತ್ರೀಯನ್ನು ನಿಂದಿಸಿದ ಚರಿತ್ರಕಾರರೂ ಕಲ್ಪನೆಯನ್ನೇ ಮಾಡಿದರು. ಆದರೆ ಅದನ್ನು ಚರಿತ್ರೆಯೆಂದು ಕರೆದರು. ಈ ಲೇಖಕಿಯು ಕಲ್ಪನೆಯನ್ನು ಕಲ್ಪನೆಯೆಂದೇ ನಮ್ಮ ಮುಂದಿಟ್ಟಿದ್ದಾರೆ. ಇವೆರಡರಲ್ಲಿ ಸತ್ಯಕ್ಕೆ ಹತ್ತಿರವಾದುದು ಯಾವುದೆಂಬುದನ್ನು ಸಹೃದಯರೇ ನಿರ್ಣಯಿಸಲಿ. ಇಂತಹ ಗ್ರಂಥವು ಕೈಗೆ ಬಂದಾಗ, ತಿಳಿದುದು ಯಾವುದು, ಊಹಿಸಿದುದು ಯಾವುದು, ಸೃಷ್ಟಿಸಿದುದು ಯಾವುದು ಎಂದು ಬೇರ್ಪಡಿಸಿಕೊಂಡು ಓದತಕ್ಕದ್ದು. ಇಷ್ಟು ವಿವೇಕವಿದ್ದರೆ ಚರಿತ್ರೆಗೂ ಅಪಚಾರವಾಗದು, ರಸಕ್ಕೂ ಭಂಗವಾಗದು.