‘ಮುಂದಿನ ಸಲ ನೋಡೋಣ’ ಅನ್ನಬೇಡಿ

ಶುಗರ್ ಇರುವ ನನ್ನ ತಮ್ಮ ತಂಗಿಯರೇ, ಪಥ್ಯ, ವಾಕಿಂಗ್ ಬಗ್ಗೆ ನಿಮಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಮಾತ್ರೆ ಹೆಚ್ಚಿಸಬೇಕಾದ ಹೊತ್ತಿನಲ್ಲಿ ದಿನ ದೂಡುವುದರ ಬಗ್ಗೆ ಮಾತಾಡುವವರು ಕಡಿಮೆ. ನಾನು ಹೇಳುವುದು ಅದನ್ನೇ.

• ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ, 8.6 ಬಂದಿದೆ ಅನ್ನಿ. ಡಾಕ್ಟರು ಇನ್ನೊಂದು ಮಾತ್ರೆ ಬರೆಯಲು ಹೊರಡುತ್ತಾರೆ. “ಬೇಡ ಡಾಕ್ಟ್ರೇ, ಮಾವಿನ ಹಣ್ಣಿನ ಕಾಲ, ಅದಕ್ಕೇ ಏರಿದೆ. ಮೂರು ತಿಂಗಳು ಟೈಮ್ ಕೊಡಿ, ಬಾಯಿ ಕಟ್ತೀನಿ” ಅನ್ನುತ್ತೇವೆ. ಹೊರಗೆ ಸಾಲು ದೊಡ್ಡದಿರುತ್ತದೆ. ಅವರೂ ಹೂಂ ಅನ್ನುತ್ತಾರೆ. ಮಾವು ಮುಗಿದರೆ ಶ್ರಾವಣ, ಆಮೇಲೆ ದಸರಾ, ದೀಪಾವಳಿ, ಮನೆಯಲ್ಲೊಂದು ಮದುವೆ. ಹೀಗೇ ಎರಡು ವರ್ಷ ಸರಿದುಹೋಗುತ್ತದೆ. ಅಷ್ಟರಲ್ಲಿ ಕಣ್ಣು, ಕಿಡ್ನಿ, ಕಾಲಿನ ನರ ಒಳಗೊಳಗೇ ಕೆಡುತ್ತಿರುತ್ತವೆ. ನೋವಿಲ್ಲದ್ದರಿಂದ ನಮಗೆ ಗೊತ್ತಾಗುವುದಿಲ್ಲ.

• ಹೆಚ್ಚಿನವರಿಗೆ ಗುರಿ 7ರ ಒಳಗೆ. ಗುರಿ ಮುಟ್ಟುವ ತನಕ ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ. ಹಿಂದಿನ ಎರಡು ದಿನ ಅನ್ನ ಬಿಟ್ಟರೆ ಈ ಪರೀಕ್ಷೆ ಮೋಸಹೋಗುವುದಿಲ್ಲ.

• ಮಾತ್ರೆ ಹೆಚ್ಚಾಯಿತೆಂದು ನಾಚಿಕೆ ಪಡಬೇಡಿ, ಮನೆಯವರೂ ಬೈಯಬೇಡಿ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾಗಿ 20 ವರ್ಷ ನಡೆದ ಯುಕೆಪಿಡಿಎಸ್ ಅಧ್ಯಯನದಲ್ಲಿ, ಕಾಯಿಲೆ ಗೊತ್ತಾದ 3 ವರ್ಷಕ್ಕೆ ಒಂದೇ ಔಷಧಿಯಿಂದ ಗುರಿಯೊಳಗೆ ಉಳಿದವರು ಸುಮಾರು ಅರ್ಧದಷ್ಟು ಜನ. 9 ವರ್ಷಕ್ಕೆ ಹಾಗೆ ಉಳಿದವರು ಒಟ್ಟು ಜನರಲ್ಲಿ ನಾಲ್ಕರಲ್ಲಿ ಒಬ್ಬರು. ಇನ್ಸುಲಿನ್ ತಯಾರಿಸುವ ಶಕ್ತಿ ವರ್ಷದಿಂದ ವರ್ಷಕ್ಕೆ ಕುಗ್ಗುವುದು ಈ ಕಾಯಿಲೆಯ ಸ್ವಭಾವ. ಆ ಅಧ್ಯಯನದಲ್ಲಿ ಬಿಗಿ ಹಿಡಿತದ ಗುಂಪು, ಮಾಮೂಲಿ ಚಿಕಿತ್ಸೆಯ ಗುಂಪು ಎಂದು ಎರಡಿದ್ದವು. ಅದು ಮುಗಿದು ಒಂದು ವರ್ಷಕ್ಕೇ ಎರಡೂ ಗುಂಪಿನವರ ಶುಗರ್ ಹತ್ತಿರ ಹತ್ತಿರ ಒಂದಾಯಿತು. ಆದರೂ ಮೊದಲಿನಿಂದ ಬಿಗಿ ಹಿಡಿತದಲ್ಲಿದ್ದವರಲ್ಲಿ ಮುಂದಿನ 10 ವರ್ಷ ಹೃದಯಾಘಾತವೂ ಸಾವೂ ಕಡಿಮೆಯೇ ಇದ್ದವೆಂದು 2008ರಲ್ಲಿ ಹೊರಬಿತ್ತು. ಮೊದಲ ವರ್ಷಗಳಲ್ಲಿ ತಡಮಾಡಬೇಡಿ ಎಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

• ಮಾತ್ರೆ ತಪ್ಪಿಸಿದ್ದರೆ ಡಾಕ್ಟರಿಗೆ ನಿಜ ಹೇಳಿ. ಇಲ್ಲವಾದರೆ ನುಂಗದ ಮಾತ್ರೆಯ ಮೇಲೆ ಇನ್ನೊಂದನ್ನು ಬರೆಯುತ್ತಾರೆ.

• ಇನ್ಸುಲಿನ್ ಶುರುವಾದರೆ ಕಥೆ ಮುಗಿಯಿತು ಎಂಬ ಮಾತನ್ನು ಪ್ರತಿ ಬೀದಿಯಲ್ಲೂ ಕೇಳಿದ್ದೇನೆ, ಪ್ರತಿ ಸಲವೂ ಹೊಟ್ಟೆ ಉರಿದಿದೆ. ಕಿಡ್ನಿ ಕೈಕೊಟ್ಟ ಮೇಲೆ ಕೊನೆಗೆ ಇನ್ಸುಲಿನ್ ಹಾಕಿಸಿಕೊಂಡವರನ್ನು ನೋಡಿ, ಕಾಯಿಲೆ ಮಾಡಿದ ಹಾನಿಯನ್ನು ಜನ ಸೂಜಿಯ ತಲೆಗೆ ಕಟ್ಟುತ್ತಾರೆ. ಈಗಿನ ಇನ್ಸುಲಿನ್ ಪೆನ್ನಿನ ಸೂಜಿ 4 ಮಿಲಿಮೀಟರಿನದೂ ಸಿಗುತ್ತದೆ, ಕೂದಲಿನಂತೆ ಸಣ್ಣದು. ಚುಚ್ಚುವ ಜಾಗ ಮಾತ್ರ ಬದಲಿಸುತ್ತಿರಿ. ಒಂದೇ ಕಡೆ ಚುಚ್ಚಿದರೆ ಗಂಟು ಕಟ್ಟಿ ಔಷಧಿ ಸರಿಯಾಗಿ ಹತ್ತುವುದಿಲ್ಲ.

• ಖರ್ಚಿನ ಸಂಕೋಚವಿದ್ದರೆ ಬಾಯಿಬಿಟ್ಟು ಹೇಳಿ. ಎಂಪಾಗ್ಲಿಫ್ಲೋಜಿನ್ ಮಾತ್ರೆಯ ಪೇಟೆಂಟ್ ನಮ್ಮ ದೇಶದಲ್ಲಿ 2025ರ ಮಾರ್ಚ್‌ನಲ್ಲಿ ಮುಗಿದು, ಬೆಲೆ ಬಹಳ ಇಳಿದಿದೆ. ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ.

• ಎಲ್ಲರಿಗೂ ಒಂದೇ ಅಳತೆಯಲ್ಲ. ವಯಸ್ಸಾಗಿ ಒಂಟಿಯಾಗಿರುವವರಿಗೆ, ಬೇರೆ ದೊಡ್ಡ ಕಾಯಿಲೆ ಇರುವವರಿಗೆ ಗುರಿ ಸಡಿಲಿಸುತ್ತಾರೆ. ಶುಗರ್ ತೀರಾ ಇಳಿದು ಬಿದ್ದರೆ ಅದೇ ಅಪಾಯ. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಹೆಚ್ಚಿಸಿದ ದಿನಗಳಲ್ಲಿ ಊಟ ತಪ್ಪಿಸಬೇಡಿ. ಕೈ ನಡುಗಿ ಬೆವರಿದರೆ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಯಿರಿ, ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಿ. ಪಕ್ಕದ ಮನೆಯವರ ಮಾತ್ರೆ ಕೇಳಿ ತಂದು ನೀವೇ ಡೋಸ್ ಏರಿಸುವುದಂತೂ ಬೇಡವೇ ಬೇಡ.

• ಹಳೆಯ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಎಚ್‌ಬಿಎ1ಸಿ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದು ಡಾಕ್ಟರ ಮುಂದಿಡಿ. ಎರಡು ಸಲ ಗುರಿ ದಾಟಿದ್ದರೆ ನೀವೇ ಕೇಳಿ: “ಈಗಲೇ ಔಷಧಿ ಬದಲಿಸಬೇಕಾ? ಬೇಡ ಅಂದರೆ ಯಾಕೆ, ಎಲ್ಲಿಯ ತನಕ ಕಾಯೋಣ?”