ಚಪ್ಪಲಿಯ ಬಂಗುಡೆ

ಶಾಲೆಗಳ ‘ಕಸದಿಂದ ರಸ’ ಸ್ಪರ್ಧೆಗಳ ಬಗ್ಗೆ ನನ್ನದೊಂದು ಹಳೆಯ ತಕರಾರಿದೆ. ಸ್ಪರ್ಧೆಯ ಮುನ್ನಾದಿನ ಸಂಜೆ ಪೇಟೆಯ ಸ್ಟೇಷನರಿ ಅಂಗಡಿಗೆ ಹೋಗಿ ನೋಡಿ. ಹೊಸ ಪೇಪರ್ ಕಪ್ಪು, ಹೊಸ ಬಣ್ಣ, ಗ್ಲಿಟರ್, ಗಮ್ಮು ಎಲ್ಲವೂ ಖರ್ಚಾಗುತ್ತಿರುತ್ತವೆ. ‘ಪರಿಸರ ಉಳಿಸಿ’ ಮಾದರಿಗೂ ಥರ್ಮಕೋಲ್ ಹಾಳೆ ಬೇಕೇ ಬೇಕು. ಅಲಂಕಾರದ ಥರ್ಮಕೋಲನ್ನು ದೇಶದಾದ್ಯಂತ 2022ರ ಜುಲೈ 1ರಿಂದಲೇ ನಿಷೇಧಿಸಿದ್ದಾರೆ ಎಂಬುದು ಆ ದಿನ ಯಾರಿಗೂ ನೆನಪಾಗುವುದಿಲ್ಲ. ಬಹುಮಾನವೂ ಹೆಚ್ಚಾಗಿ ಮಕ್ಕಳ ಅಮ್ಮಂದಿರ ಕೈಚಳಕಕ್ಕೇ ಸಿಗುವುದು, ಅದಿರಲಿ.

ನಾನು ಉಡುಪಿ ಕಡೆಯ ಕಡಲ ಕರೆಯ ಶಾಲೆಯೊಂದರಲ್ಲಿ ಚಿತ್ರಕಲಾ ಟೀಚರ್. ನಮಗೆ ಕಸವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಾವು ಕೊಟ್ಟದ್ದನ್ನೆಲ್ಲ ಮಳೆಗಾಲದ ಕಡಲು ತಿರುಗಿ ತಂದು ದಂಡೆಗೆ ಎಸೆಯುತ್ತದೆ. ಜೂನ್, ಜುಲೈ ತಿಂಗಳಲ್ಲಿ ಬೋಟುಗಳಿಗೆ ನಿಷೇಧ ಇರುವುದರಿಂದ ಮಕ್ಕಳ ಅಪ್ಪಂದಿರೂ ಮನೆಯಲ್ಲೇ ಬಲೆ ಸರಿ ಮಾಡುತ್ತಾ ಕುಳಿತಿರುತ್ತಾರೆ. ಊರವರನ್ನು ಸೇರಿಸಿಕೊಂಡು ಏನಾದರೂ ಮಾಡುವುದಿದ್ದರೆ ಅದೇ ಹೊತ್ತು.

ಆರಿಸಿ ತಂದ ರಾಶಿಯಲ್ಲಿ ಚಪ್ಪಲಿಗಳೇ ಹೆಚ್ಚು. ಅದೂ ಒಂಟಿ ಚಪ್ಪಲಿ. ಆಮೇಲೆ ಬಾಟಲಿ, ಮುಚ್ಚಳ, ಹಗ್ಗದ ತುಂಡು, ಶಾಂಪೂ ಸ್ಯಾಷೆ. ಒಂದು ಸ್ಯಾಷೆಯ ಬಣ್ಣ ಪೂರ್ತಿ ಹೋಗಿದ್ದರೂ ಬೆಲೆ ಒಂದು ರೂಪಾಯಿ ಎಂದು ಓದಲು ಬರುತ್ತಿತ್ತು. ಏನಾದರೂ ಮಾಡುವ ಮೊದಲು ಎಲ್ಲವನ್ನೂ ಗೋಣಿಯಲ್ಲಿ ಕಟ್ಟಿಕೊಂಡು ಮಕ್ಕಳೊಂದಿಗೆ ಗುಜರಿ ಅಂಗಡಿಗೆ ಹೋದೆ. ಯಾವುದಕ್ಕೆ ಬೆಲೆ ಉಂಟು, ಯಾವುದಕ್ಕೆ ಇಲ್ಲ ಎಂದು ಮಕ್ಕಳೇ ಕೇಳಿ ಬರೆದುಕೊಳ್ಳಬೇಕಿತ್ತು. ನೀರಿನ ಬಾಟಲಿ ಆಗಬಹುದು, ಮುಚ್ಚಳವೂ ಆಗಬಹುದು. ಚಪ್ಪಲಿ, ಸ್ಯಾಷೆ, ಚಿಪ್ಸ್ ತೊಟ್ಟೆ, ಥರ್ಮಕೋಲ್ ಬೇಡ. ಚಿಪ್ಸ್ ತೊಟ್ಟೆಯಲ್ಲಿ ಪ್ಲಾಸ್ಟಿಕ್ಕಿಗೆ ಅಲ್ಯೂಮಿನಿಯಂ ತೆಳುವಾಗಿ ಅಂಟಿಕೊಂಡಿರುತ್ತದೆ, ಎರಡನ್ನೂ ಬೇರ್ಪಡಿಸುವ ಖರ್ಚಿಗೆ ತೊಟ್ಟೆಯ ಬೆಲೆ ಸಾಲದು. ಅಂಗಡಿಯವರು ನನಗೂ ಒಂದು ಮಾತು ಹೇಳಿದರು: “ಬಾಟಲಿ ಹಾಗೇ ತನ್ನಿ ಟೀಚರ್, ತೂಕ ಮಾಡಿ ದುಡ್ಡು ಕೊಡ್ತೇನೆ. ಪೇಂಟ್ ಬಳಿದು ಹೂವಿನ ಕುಂಡ ಮಾಡಿ ತಂದ್ರೆ ನಂಗೆ ಬೇಡ ಮಾರಾಯ್ರೆ.”

ನಮ್ಮ ಕೆಲಸದ ನಿಯಮ ಆ ಮಾತಿನಿಂದಲೇ ಹುಟ್ಟಿತು. ಗುಜರಿಗೆ ಹೋಗುವುದು ಗುಜರಿಗೇ ಹೋಗಲಿ. ಯಾರಿಗೂ ಬೇಡವಾದದ್ದು ನಮಗಿರಲಿ. ಬಣ್ಣ ಬಳಿಯಬಾರದು, ಗಮ್ಮು ಹಚ್ಚಬಾರದು, ತಂತಿಯಲ್ಲೋ ಹಗ್ಗದಲ್ಲೋ ಕಟ್ಟಬೇಕು.

ಶಾಲೆಯ ಗೇಟಿನ ಪಕ್ಕ ಬಂಗುಡೆ ಮೀನು ಮಾಡುವುದೆಂದಾಯಿತು. ಬಿದಿರಿನ ಹಂದರದ ಮೇಲೆ ಹಳೆ ಬಲೆ ಬಿಗಿದು, ನೀಲಿ ಚಪ್ಪಲಿಗಳನ್ನು ಬೆನ್ನಿಗೂ ಮಾಸಿದ ಬಿಳಿಯವನ್ನು ಹೊಟ್ಟೆಗೂ ಕಟ್ಟುತ್ತಾ ಹೋದೆವು. ಬಲೆಯ ಗಂಟು ಹಾಕುವುದನ್ನು ಅಪ್ಪಂದಿರು ಕಲಿಸಿದರು, ಆ ವಿದ್ಯೆ ನನಗೆ ಗೊತ್ತಿರಲಿಲ್ಲ. ಮೀನು ಮಾರಿ ವಾಪಸಾಗುತ್ತಿದ್ದ ಅಜ್ಜಿಯೊಬ್ಬರು ಬುಟ್ಟಿ ಇಳಿಸಿ ನೋಡಿದರು. “ಚುಕ್ಕೆ ಎಲ್ಲಿ? ಚುಕ್ಕೆ ಇಲ್ಲದಿದ್ರೆ ಬಂಗುಡೆ ಹೇಗಾಗ್ತದೆ?” ಬೆನ್ನಿನುದ್ದಕ್ಕೆ ಕಪ್ಪು ಮುಚ್ಚಳಗಳ ಸಾಲು ಬಂತು. ಬಾಲದ ಹತ್ತಿರ ಸಣ್ಣ ಸಣ್ಣ ರೆಕ್ಕೆಗಳು ಬೇಕೆಂದೂ ಅವರೇ ಹೇಳಿ ಮಾಡಿಸಿದರು. ನಾನು ಹಲಗೆಯ ಮೇಲೆ ಬರೆದುಕೊಟ್ಟ ಚಿತ್ರದಲ್ಲಿ ಇದ್ಯಾವುದೂ ಇರಲಿಲ್ಲ.

ಇಂಥ ಕಲೆಯ ಮಾತು ಬಂದಾಗ ಚಂಡೀಗಢದ ನೇಕ್ ಚಂದ್ ಹೆಸರು ಬಾರದಿರುವುದಿಲ್ಲ. ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ಅವರು ಒಡೆದ ಬಳೆ, ಟೈಲ್ಸು, ಪಿಂಗಾಣಿ ಚೂರುಗಳಿಂದ ವರ್ಷಗಟ್ಟಲೆ ಗುಟ್ಟಾಗಿ ಕಟ್ಟಿದ ರಾಕ್ ಗಾರ್ಡನ್ 1976ರಲ್ಲಿ ಸಾರ್ವಜನಿಕರಿಗೆ ತೆರೆಯಿತು, ಇಂದಿಗೂ ಇದೆ. ಆದರೆ ಪಿಂಗಾಣಿ ಬೇರೆ, ಪ್ಲಾಸ್ಟಿಕ್ ಬೇರೆ. ಉಪ್ಪು ನೀರು, ಬಿಸಿಲು ತಿಂದ ಚಪ್ಪಲಿ ಕೈಯಲ್ಲಿ ಹಿಚುಕಿದರೆ ಪುಡಿಯಾಗುತ್ತದೆ. ಅದನ್ನು ಹೊರಗೆ ನಿಲ್ಲಿಸಿ ಮರೆತರೆ ಮುಂದಿನ ಮಳೆಗೆ ಆ ಪುಡಿ ಮತ್ತೆ ಕಡಲಿಗೇ. ಪ್ಲಾಸ್ಟಿಕ್ ಕಲಾಕೃತಿಗಳನ್ನು ಶಾಶ್ವತವಾಗಿ ನಿಲ್ಲಿಸುವವರು ಇದನ್ನು ಯೋಚಿಸುವುದು ಕಡಿಮೆ.

ದಸರಾ ರಜೆಗೆ ಮೊದಲು ಬಂಗುಡೆಯನ್ನು ಮಕ್ಕಳ ಕೈಯಲ್ಲೇ ಬಿಚ್ಚಿಸಿದೆ. ಕೆಲವರಿಗೆ ಅಳು ಬಂತು. ಮುಚ್ಚಳ ಗುಜರಿಗೆ ಹೋಯಿತು. ಬಲೆಯನ್ನು ಒಬ್ಬರು ಬಾವಿಗೆ ತರಗೆಲೆ ಬೀಳದಂತೆ ಹಾಸಲು ಕೊಂಡೊಯ್ದರು, ನಮ್ಮಲ್ಲಿ ಹಳೆ ಬಲೆಗೆ ಯಾವತ್ತೂ ಕೆಲಸ ತಪ್ಪಿದ್ದಿಲ್ಲ. ಚಪ್ಪಲಿಗಳು ಪಂಚಾಯತಿನ ಒಣಕಸ ಘಟಕಕ್ಕೆ ಹೋದವು. ಇಂಥವು ಅಲ್ಲಿಂದ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಿ ಹೋಗುತ್ತವೆ ಎಂದೆ. “ಅಂದ್ರೆ ಕೊನೆಗೆ ಸುಡುವುದೇ, ಟೀಚರ್?” ಎಂದು ಏಳನೇ ಕ್ಲಾಸಿನ ಹುಡುಗಿ ಕೇಳಿದಳು. ಹೌದು ಎಂದೆ. ಮೀನು ನಿಂತಿದ್ದಷ್ಟು ದಿನ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಈ ವರ್ಷ ನಿಮ್ಮ ಶಾಲೆಯಲ್ಲೂ ‘ಕಸದಿಂದ ರಸ’ ಇದ್ದರೆ, ಮಕ್ಕಳನ್ನು ಮೊದಲು ಊರಿನ ಗುಜರಿ ಅಂಗಡಿಗೆ ಕರೆದುಕೊಂಡು ಹೋಗಿ. ಮಾಡಿದ್ದನ್ನು ಬಿಚ್ಚುವ ತಾರೀಕನ್ನೂ ಮೊದಲೇ ಗೊತ್ತು ಮಾಡಿ.